ಗಿಡ ನೆಡುವುದಲ್ಲದೆ ಬೇರೆ ಏನು ಮಾಡಬಹುದು? ಮಾಡಿದವರು ಹೇಳಿ

ಪ್ರಶ್ನೆ: ನಮ್ಮ ಬೀದಿಯ ಹತ್ತು ಹನ್ನೆರಡು ಜನ ಸೇರಿದ್ದೇವೆ. ವಾರಕ್ಕೆ ಎರಡು ಗಂಟೆ ಕೊಡಬಹುದು, ದುಡ್ಡು ಜಾಸ್ತಿ ಇಲ್ಲ. ಪರಿಸರಕ್ಕೆ ಉಪಯೋಗ ಆಗುವ ಕೆಲಸ ಬೇಕು. ಗಿಡ ನೆಡೋಣ ಅಂತ ಎಲ್ಲರೂ ಹೇಳುತ್ತಿದ್ದಾರೆ. ಬೇರೆ ದಾರಿ ಇದೆಯಾ?

ಉತ್ತರ: ನೆಡಬೇಡಿ ಅನ್ನುವುದಿಲ್ಲ. ಆದರೆ ಗುಂಡಿ ತೋಡುವ ಮುಂಚೆ ನೀರು ಹಾಕುವವರ ಪಟ್ಟಿ ಮಾಡಿ. ನೆಡುವ ದಿನ ಫೋಟೊಗೆ ಎಲ್ಲರೂ ಬರುತ್ತಾರೆ, ಬಿಸಿಲಲ್ಲಿ ಕೊಡ ಹೊರಲು ಇಬ್ಬರು ಸಿಕ್ಕರೆ ಪುಣ್ಯ. ಆ ಇಬ್ಬರು ಎರಡು ಮೂರು ಬೇಸಿಗೆ ಎಷ್ಟು ಗಿಡ ಸಾಕಬಲ್ಲರೋ ಅಷ್ಟೇ ನೆಡಿ. ಬುಡದ ಸುತ್ತ ಒಣ ಎಲೆ ಹೊದಿಸಿ. ಕಾಂಡಕ್ಕೆ ಮಾತ್ರ ತಾಗಬಾರದು, ತೇವ ನಿಂತು ತೊಗಟೆ ಕೊಳೆಯುತ್ತದೆ. ಇನ್ನೊಂದು, ಈಗಾಗಲೇ ಇರುವ ಮರಗಳನ್ನೂ ಒಮ್ಮೆ ನೋಡಿ. ಸಣ್ಣ ಗಿಡವಾಗಿದ್ದಾಗ ಹಾಕಿದ ಕಬ್ಬಿಣದ ಬೇಲಿ ಎಷ್ಟೋ ಕಡೆ ಕಾಂಡದೊಳಗೇ ಹೂತುಹೋಗಿರುತ್ತದೆ. ಸಂಬಂಧಪಟ್ಟವರ ಅನುಮತಿ ಪಡೆದು ಅದನ್ನು ಬಿಡಿಸುವುದೂ ಕೆಲಸವೇ.

ಉತ್ತರ: ನನ್ನ ಮತ ಗೊಬ್ಬರಕ್ಕೆ. ಉದುರಿದ ಎಲೆಯನ್ನು ಸುಡುತ್ತಿದ್ದವರು ಈಗ ನಮಗೇ ತಂದು ಕೊಡುತ್ತಾರೆ, ಹೊಗೆ ನಿಂತಿದ್ದೇ ದೊಡ್ಡ ಲಾಭ. ಅಕ್ಕಪಕ್ಕದವರು ಹೆದರುವುದು ವಾಸನೆಗೆ. ಹಸಿ ಕಸ ಒಂದು ಪಾಲು ಇದ್ದರೆ ಒಣ ಎಲೆ ಎರಡು ಮೂರು ಪಾಲು ಇರಲಿ, ಒಂದರ ಮೇಲೊಂದು ಪದರ ಹಾಕಿ. ನಾತ ಬಂತು ಅಂದರೆ ಒಳಗೆ ಗಾಳಿ ಆಡುತ್ತಿಲ್ಲ ಅಂತ. ಮಗುಚಿ, ಒಣ ಎಲೆ ಸೇರಿಸಿ. ಒಂದು ಹಿಡಿ ತೆಗೆದು ಹಿಂಡಿ ನೋಡಿ. ಒಂದೆರಡು ಹನಿ ಬಂದರೆ ಸರಿ. ಧಾರೆಯಾಗಿ ಇಳಿದರೆ ನೀರು ಜಾಸ್ತಿ, ಪುಡಿಪುಡಿಯಾಗಿ ಉದುರಿದರೆ ಕಡಿಮೆ. ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮೀಟರ್ ಇರುವ ರಾಶಿ ಚೆನ್ನಾಗಿ ಕಾವು ಹಿಡಿಯುತ್ತದೆ. 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ಕಳೆ ಬೀಜಗಳೂ ಹೆಚ್ಚಿನವು ಸಾಯುತ್ತವೆ. ಚಳಿಯ ಬೆಳಗ್ಗೆ ಮಗುಚಿದರೆ ಹಬೆ ಏಳುತ್ತದೆ. ಮಕ್ಕಳು ಬರುವುದೇ ಅದನ್ನು ನೋಡೋಕೆ!

ಉತ್ತರ: ಕಸ ಹೆಕ್ಕುವುದನ್ನು ಯಾಕೆ ಯಾರೂ ಹೇಳುತ್ತಿಲ್ಲ? ಹೆಕ್ಕಿದರೆ ಮತ್ತೆ ಬೀಳುತ್ತದೆ ಅನ್ನುವುದು ನಿಜ. ಅದಕ್ಕೇ ಹೆಕ್ಕಿದ್ದನ್ನು ಬರೆದಿಡಿ. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕಡಲತೀರದಲ್ಲಿ ಸ್ವಯಂಸೇವಕರು ಹೆಕ್ಕುತ್ತಾ ಹೆಕ್ಕುತ್ತಾ ಏನೇನು ಸಿಕ್ಕಿತು ಅಂತಲೂ ಬರೆದುಕೊಂಡರು. ಈಗ ಎಷ್ಟೋ ದೇಶಗಳಲ್ಲಿ ಹೀಗೆ ಲೆಕ್ಕ ಇಡುತ್ತಾರೆ. ಆ ಪಟ್ಟಿಯಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನ ಸಿಗರೇಟ್ ತುಂಡಿನದು. ಅದರ ಫಿಲ್ಟರ್ ಹತ್ತಿಯಂತೆ ಕಂಡರೂ ಒಂದು ಬಗೆಯ ಪ್ಲಾಸ್ಟಿಕ್. ನಾವೂ ಬರೆದಿಟ್ಟೆವು. ಮುಕ್ಕಾಲು ಪಾಲು ಕಸ ಒಂದೇ ತಿರುವಿನದು ಅಂತ ಗೊತ್ತಾಯಿತು. ಆ ಕಾಗದ ಹಿಡಿದು ಹೋಗಿ ಕೇಳಿದ ಮೇಲೆಯೇ ಅಲ್ಲಿಗೆ ಕಸದ ಡಬ್ಬಿ ಬಂತು. ಕೈಗವಸು ಮರೆಯಬೇಡಿ. ಗಾಜು, ಸೂಜಿ ಕಂಡರೆ ಮಕ್ಕಳನ್ನು ದೂರ ಇಡಿ.

ಉತ್ತರ: ಬಗ್ಗಿ ಏಳಲು ಆಗದವರೂ ಗುಂಪಿನಲ್ಲಿ ಇರುತ್ತಾರೆ ಅಲ್ವಾ? ಅವರಿಗೆ ಹಕ್ಕಿ ಎಣಿಕೆ ಕೊಡಿ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ನಡೆಯುತ್ತದೆ. ಕನಿಷ್ಠ 15 ನಿಮಿಷ ಒಂದು ಕಡೆ ಕೂತು ಕಂಡ ಹಕ್ಕಿಗಳನ್ನು ಬರೆದು ಕಳಿಸಿದರೆ ಆಯಿತು. ಕಿಟಕಿಯಿಂದಲೇ ಎಣಿಸಬಹುದು.

ಉತ್ತರ: ರಿಪೇರಿ ಕೂಟ ಮಾಡಿ ನೋಡಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2009ರಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬುವರು ಶುರು ಮಾಡಿದ್ದು. ಕೆಟ್ಟ ಫ್ಯಾನು, ಹರಿದ ಚೀಲ ತರುತ್ತಾರೆ, ಗೊತ್ತಿದ್ದವರು ಪಕ್ಕದಲ್ಲಿ ಕೂರಿಸಿಕೊಂಡು ಸರಿಮಾಡುತ್ತಾರೆ. ಕರೆಂಟಿನ ಸಾಮಾನಿಗೆ ಮಾತ್ರ ಕೆಲಸ ಬಲ್ಲವರೇ ಇರಬೇಕು.

ಕೇಳಿದವರು: ಎಲ್ಲರಿಗೂ ಧನ್ಯವಾದ. ಗೊಬ್ಬರದಿಂದ ಶುರು ಮಾಡುತ್ತೇವೆ, ಎಲೆಗೆ ಬರವಿಲ್ಲ. ಮಳೆ ಬಂದರೆ ರಾಶಿ ನೆನೆಯುವುದಿಲ್ಲವಾ?

ಉತ್ತರ: ನೆನೆಯುತ್ತದೆ. ಮೇಲೆ ಟಾರ್ಪಾಲು ಕಟ್ಟಿ, ಬದಿಗಳನ್ನು ಮುಚ್ಚಬೇಡಿ. ಒಂದೆರಡು ಮೂಟೆ ಒಣ ಎಲೆಯನ್ನು ಮಳೆಗೆ ಮುಂಚೆಯೇ ಒಳಗೆ ಎತ್ತಿಡಿ. ಆಮೇಲೆ ಹುಡುಕಿದರೂ ಸಿಗುವುದಿಲ್ಲ.