ರಾಜೀನಾಮೆ ಪತ್ರ ಬೆಟ್ಟ ಹತ್ತಿದ್ದು

ನಮ್ಮ ಪುಟ್ಟಸ್ವಾಮಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಕಂಪೆನಿಯ ಉಪಾಧ್ಯಕ್ಷ ಪದವಿ ದೊರೆತ ಎಂಟನೆಯ ದಿನವೇ ‘ನಾನು ಯಾರು’ ಎಂಬ ಪ್ರಶ್ನೆಯೂ ಬಂದು ಅಂಟಿಕೊಂಡಿತು. ಆ ಕಂಪೆನಿಯಲ್ಲಿ ಉಪಾಧ್ಯಕ್ಷರ ಸಂಖ್ಯೆ ನಮ್ಮ ಬೀದಿಯ ಮನೆಗಳಿಗಿಂತ ಹೆಚ್ಚೆಂಬುದು ಅವನಿಗೆ ಪದವಿ ಸಿಕ್ಕ ಮೇಲೆಯೇ ತಿಳಿಯಿತಂತೆ. ಪ್ರಶ್ನೆ ಹುಟ್ಟಿದ್ದು ಆ ಕಾರಣದಿಂದಲೋ ನಿಜವಾದ ವೈರಾಗ್ಯದಿಂದಲೋ ಎಂಬ ಬಗ್ಗೆ ನಮ್ಮ ಗೆಳೆಯರ ಗುಂಪಿನಲ್ಲಿ ಇಂದಿಗೂ ಒಮ್ಮತವಿಲ್ಲ. ಏನೇ ಇರಲಿ, ಅವನು ಊರಾಚೆಯ ತೋಟವೊಂದರಲ್ಲಿ ನಡೆದ ಮೂರು ದಿನಗಳ ಆತ್ಮಶೋಧನಾ ಶಿಬಿರಕ್ಕೆ 28,000 ರೂಪಾಯಿ ಕಟ್ಟಿ ಹೋಗಿ, ಮೌನವಾಗಿ ಕುಳಿತು, ಮೊಳಕೆಕಾಳು ತಿಂದು, ‘ನನ್ನ ನಿಜಸ್ವರೂಪ ಇದಲ್ಲ’ ಎಂಬ ತಿಳಿವಳಿಕೆಯೊಂದಿಗೆ ಹಿಂದಿರುಗಿದ. ಹಾಗಾದರೆ ಯಾವುದು ಎಂದು ಕೇಳಿದೆವು. ಅದಕ್ಕೆ ಎರಡನೆಯ ಹಂತದ ಶಿಬಿರವಿದೆಯೆಂದೂ ಅದರ ಶುಲ್ಕ ಬೇರೆಯೆಂದೂ ಹೇಳಿದ.

“ಇವರ ಒಳಗೆ ಏನಿದೆ ಎಂಬುದನ್ನು ನಾನು ಇಪ್ಪತ್ತೈದು ವರ್ಷಗಳಿಂದ ನೋಡುತ್ತಿದ್ದೇನೆ. ನನ್ನನ್ನು ಕೇಳಿದ್ದರೆ ಬಿಟ್ಟಿಯಾಗಿ ಹೇಳುತ್ತಿದ್ದೆ” ಎಂದು ಅವನ ಹೆಂಡತಿ ಗಿರಿಜಾ ನಮಗೆ ಕಾಫಿ ಕೊಡುತ್ತ ಹೇಳಿದರು.

ಪುಟ್ಟಸ್ವಾಮಿ ಕೆಲಸ ಬಿಡುವುದೆಂದು ತೀರ್ಮಾನಿಸಿದ್ದ. ಆದರೆ ಬಿಡುವುದನ್ನು ಬೆಂಗಳೂರಿನ ಕಚೇರಿಯಲ್ಲಿ ಕುಳಿತು ಬಿಟ್ಟರೆ ಅದಕ್ಕೆ ತಕ್ಕ ಗಾಂಭೀರ್ಯ ಬರುವುದಿಲ್ಲವಾದ್ದರಿಂದ, ಗೆದ್ದ ಗಳಿಗೆಯಲ್ಲಿಯೇ ಎಲ್ಲವನ್ನೂ ಬಿಟ್ಟವನ ಪಾದದ ಬಳಿ ನಿಂತು ರಾಜೀನಾಮೆ ಕಳುಹಿಸಬೇಕೆಂಬುದು ಅವನ ಯೋಜನೆ. ಹೀಗಾಗಿ ಒಂದು ಭಾನುವಾರ ಅವನು, ಗಿರಿಜಾ, ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದ ಸೀತಾರಾಮು ಮತ್ತು ನಾನು ರೈಲು ಹತ್ತಿ ಶ್ರವಣಬೆಳಗೊಳದಲ್ಲಿ ಇಳಿದೆವು. ಈ ಮಾರ್ಗದ ರೈಲು 2017ರಲ್ಲಿ ಬಂದಿತು. ಅದಕ್ಕೂ ಮೊದಲು ವೈರಾಗ್ಯಕ್ಕೆ ಬಸ್ಸಿನಲ್ಲಿಯೇ ಹೋಗಬೇಕಾಗಿತ್ತು. ಚನ್ನರಾಯಪಟ್ಟಣದಿಂದ ನಮ್ಮ ನಾಗಕುಮಾರ್ ಮೇಷ್ಟ್ರು ಬಂದು ಸೇರಿಕೊಂಡರು. ಕನ್ನಡ ಪಾಠ ಹೇಳಿ ನಿವೃತ್ತರಾದ ಅವರಿಗೆ ಎಪ್ಪತ್ತೊಂದು ವರ್ಷ, ಮತ್ತು ಆ ದಿನ ಬೆಟ್ಟವನ್ನು ಏದುಸಿರಿಲ್ಲದೆ ಹತ್ತಿದವರು ಅವರೊಬ್ಬರೇ.

ಬೆಟ್ಟದ ಬುಡದಲ್ಲಿ ಚಪ್ಪಲಿ ಬಿಟ್ಟು, ಬಂಡೆ ಕಾಯುತ್ತದೆಂದು ಕಾಲುಚೀಲ ಕೊಳ್ಳುವಾಗ ಸೀತಾರಾಮು ಹತ್ತು ರೂಪಾಯಿಗಾಗಿ ಕಾಲು ಗಂಟೆ ಚೌಕಾಶಿ ಮಾಡಿದ. ಆ ಅವಧಿಯಲ್ಲಿ ನಾನು ಪುಟ್ಟಸ್ವಾಮಿಯ ಫೋನಿನಲ್ಲಿದ್ದ ರಾಜೀನಾಮೆ ಪತ್ರವನ್ನು ಓದಿದೆ. ನಾಲ್ಕು ಸಾಲಿನ ಸಭ್ಯವಾದ ಪತ್ರ. ಅದರ ಕೆಳಗೆ, ಪತ್ರ ಕಳುಹಿಸಿದ ಮರುಕ್ಷಣವೇ ಜಗತ್ತಿಗೆ ತಿಳಿಸಬೇಕಾದ ಪ್ರಕಟಣೆಯೊಂದಿತ್ತು; ಅದು ನಾಲ್ಕು ಪುಟಗಳಷ್ಟಿತ್ತು. ಅದರಲ್ಲಿ ಬಾಲ್ಯದ ಬಡತನ, ಹಾಸ್ಟೆಲಿನ ಸಾರು, ವಿದೇಶದ ಹಿಮ, ಶಿಬಿರದ ಮೌನ ಎಲ್ಲವೂ ಕ್ರಮವಾಗಿ ಬಂದು, ಕೊನೆಗೆ ‘ಬಾಹುಬಲಿಯಂತೆ ನಾನೂ’ ಎಂಬಲ್ಲಿ ಮುಗಿದಿತ್ತು.

“ಬಾಹುಬಲಿಯಂತೆ ಎಂದು ಬರೆದಿದ್ದೀಯೆ. ಅವನು ಬಿಟ್ಟಿದ್ದು ಏನನ್ನು ಎಂಬುದು ನಿನಗೆ ಗೊತ್ತೇನಪ್ಪ?” ಎಂದು ಮೇಷ್ಟ್ರು ಐವತ್ತನೆಯ ಮೆಟ್ಟಿಲಿನಲ್ಲಿ ಕೇಳಿದರು. ಇಲ್ಲಿ ಆರು ನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಮೇಷ್ಟ್ರು ಪಾಠ ಆರಂಭಿಸಲು ಸ್ಥಳವನ್ನು ಚೆನ್ನಾಗಿಯೇ ಆರಿಸಿಕೊಂಡಿದ್ದರು, ಏಕೆಂದರೆ ಅಲ್ಲಿಂದ ತಪ್ಪಿಸಿಕೊಂಡು ಹೋಗಲು ಯಾರಿಗೂ ಉಸಿರಿರಲಿಲ್ಲ.

“ರಾಜ್ಯವನ್ನು ಬಿಟ್ಟ” ಎಂದ ಪುಟ್ಟಸ್ವಾಮಿ.

“ರಾಜ್ಯವನ್ನಷ್ಟೇ ಅಲ್ಲ, ಗೆಲುವನ್ನೇ ಬಿಟ್ಟ. ಅಣ್ಣ ಭರತನ ಚಕ್ರರತ್ನ ದಿಗ್ವಿಜಯ ಮುಗಿಸಿ ಬಂದು ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಟ್ಟಿತು. ತಮ್ಮಂದಿರು ಇನ್ನೂ ತಲೆಬಾಗಿಲ್ಲ ಎಂಬುದು ಕಾರಣ. ಉಳಿದ ತಮ್ಮಂದಿರು ‘ನಿನ್ನ ರಾಜ್ಯ ನಿನಗಿರಲಿ’ ಎಂದು ದೀಕ್ಷೆ ಪಡೆದು ಹೋದರು, ಬಾಹುಬಲಿ ಮಾತ್ರ ಎದುರು ನಿಂತ. ಸೈನ್ಯಗಳು ಸಾಯುವುದು ಬೇಡವೆಂದು ಮಂತ್ರಿಗಳು ಅಣ್ಣತಮ್ಮಂದಿರಿಗೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಏರ್ಪಡಿಸಿದರು. ಮೂರರಲ್ಲಿಯೂ ಗೆದ್ದವನು ಬಾಹುಬಲಿ. ಸೋತ ಅಣ್ಣ ಸಿಟ್ಟಿನಿಂದ ಚಕ್ರ ಬಿಟ್ಟರೆ, ಅದು ತಮ್ಮನನ್ನು ಕೊಲ್ಲದೆ ಅವನಿಗೆ ಸುತ್ತು ಬಂದು ಪಕ್ಕದಲ್ಲಿ ನಿಂತಿತು. ಆಗ ಅವನಿಗೆ ಇದೆಲ್ಲದರ ಬಗ್ಗೆ ನಾಚಿಕೆಯಾಯಿತು. ಗೆಲುವು ಕೈಗೆ ಬಂದಾಗ ನಾಚಿಕೊಂಡವನು ಅವನು. ನಿನ್ನ ನಾಲ್ಕು ಪುಟಗಳಲ್ಲಿ ನಾಚಿಕೆ ಎಲ್ಲಿದೆ, ತೋರಿಸು.”

ಪುಟ್ಟಸ್ವಾಮಿ ಫೋನನ್ನು ಮೇಲೆ ಕೆಳಗೆ ಸರಿಸಿ ನೋಡಿದ. ಹೆಮ್ಮೆ ಆರು ಕಡೆ ಸಿಕ್ಕಿತಂತೆ.

“ಅಷ್ಟಾದರೂ ಕಥೆ ಮುಗಿಯಲಿಲ್ಲ” ಎಂದು ಮೇಷ್ಟ್ರು ಮುಂದುವರಿಸಿದರು. “ಮೈಗೆ ಬಳ್ಳಿ ಹಬ್ಬಿತು, ಕಾಲ ಬಳಿ ಹುತ್ತ ಬೆಳೆಯಿತು, ಒಂದು ವರ್ಷ ಅಲ್ಲಾಡದೆ ನಿಂತ, ಕೇವಲಜ್ಞಾನ, ಎಂದರೆ ಎಲ್ಲವನ್ನೂ ಅರಿಯುವ ಪೂರ್ಣ ಜ್ಞಾನ, ಮಾತ್ರ ಬರಲಿಲ್ಲ. ನಾನು ನಿಂತಿರುವ ಈ ಎರಡು ಅಡಿ ನೆಲವೂ ಅಣ್ಣನದೇ ಅಲ್ಲವೇ ಎಂಬ ಮುಳ್ಳು ಒಳಗೆ ಉಳಿದಿತ್ತು ಎಂದು ನಮ್ಮ ಜನ ಹೇಳುತ್ತಾರೆ. ಭರತನೇ ಬಂದು ನಮಸ್ಕರಿಸಿದ ಮೇಲೆ ಅದು ಕಳಚಿತು. ನೀನು ಕೆಲಸ ಬಿಟ್ಟು ಮಾಡುವುದೇನು?”

“ಸಣ್ಣದೊಂದು ತೋಟ ಮಾಡಿ ಶಿಬಿರ ನಡೆಸೋಣವೆಂದಿದ್ದೇನೆ.”

“ಹಾಗಾದರೆ ಅಲ್ಲಿ ನೀನು ಅಧ್ಯಕ್ಷ” ಎಂದ ಸೀತಾರಾಮು.

ಇಲ್ಲಿ ಸೀತಾರಾಮುವಿನ ಅನುಭವವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಮೂವತ್ತು ವರ್ಷ ಸಾಲದ ಕಡತಗಳ ನಡುವೆ ಬದುಕಿದ ಅವನು, ತನ್ನೊಳಗೆ ಒಬ್ಬ ಕೊಳಲು ನುಡಿಸುವವನು ಉಸಿರುಗಟ್ಟಿ ಕುಳಿತಿದ್ದಾನೆಂದು ನಂಬಿ, ಮೂರು ವರ್ಷಗಳ ಹಿಂದೆ ಸ್ವಯಂನಿವೃತ್ತಿ ಪಡೆದು, ಕೊಳಲನ್ನೂ ಗುರುವನ್ನೂ ಗೊತ್ತುಮಾಡಿಕೊಂಡ. “ಮ್ಯಾನೇಜರನ ವೇಷ ಕಳಚಿದರೆ ಒಳಗಿನವನು ಹೊರಗೆ ಬರುತ್ತಾನೆಂದುಕೊಂಡಿದ್ದೆ. ಕಳಚಿ ನೋಡಿದರೆ ಒಳಗೂ ಮ್ಯಾನೇಜರನೇ ಕುಳಿತಿದ್ದ” ಎಂದು ಅವನು ನೂರೈವತ್ತನೆಯ ಮೆಟ್ಟಿಲಿನಲ್ಲಿ ಕುಳಿತು, ನೀರು ಕುಡಿದು, ಯಾವ ದುಃಖವೂ ಇಲ್ಲದೆ ಒಪ್ಪಿಕೊಂಡ. ಈಗ ಅವನು ಕೊಳಲಿನ ಗುರುಗಳ ಜಮಾಖರ್ಚು ನೋಡಿಕೊಳ್ಳುತ್ತಾನೆ. ಗುರುಗಳಿಗೂ ಸಂತೋಷ, ಕೊಳಲಿಗೂ ವಿಶ್ರಾಂತಿ. ನನ್ನ ಅಭಿಪ್ರಾಯದಲ್ಲಿ ನಮ್ಮ ಗುಂಪಿನಲ್ಲಿ ಆತ್ಮಶೋಧನೆ ಯಶಸ್ವಿಯಾದದ್ದು ಇವನೊಬ್ಬನಿಗೆ, ಆದರೆ ಸಿಕ್ಕ ಆತ್ಮ ಹೊಗಳಿಕೊಳ್ಳುವಂಥದ್ದಲ್ಲವಾದ್ದರಿಂದ ಅವನು ಯಾರಿಗೂ ಹೇಳಿಕೊಳ್ಳುವುದಿಲ್ಲ.

“ಹಾಗಾದರೆ ಗೆಲ್ಲುವುದೇ ತಪ್ಪೇ, ಮೇಷ್ಟ್ರೇ?” ಎಂದು ಪುಟ್ಟಸ್ವಾಮಿ ಸ್ವಲ್ಪ ನೊಂದು ಕೇಳಿದ. “ಇಪ್ಪತ್ತೆಂಟು ವರ್ಷ ದುಡಿದಿದ್ದೇನೆ.”

“ತಪ್ಪೆಂದು ಯಾರು ಹೇಳಿದರು? ಪಂಪ 941ರಲ್ಲಿ ಮುಗಿಸಿದ ಆದಿಪುರಾಣದಲ್ಲಿ ಭರತನ ಇನ್ನೊಂದು ಪ್ರಸಂಗವಿದೆ, ಕೇಳು. ದಿಗ್ವಿಜಯ ಮಾಡಿದ ಚಕ್ರವರ್ತಿ ತನ್ನ ಹೆಸರನ್ನು ವೃಷಭಾದ್ರಿಯ ಬಂಡೆಯ ಮೇಲೆ ಕೆತ್ತಿಸಬೇಕು. ತನ್ನಂಥವನು ಹಿಂದೆ ಹುಟ್ಟಿಲ್ಲ ಎಂಬ ಭಾವನೆಯಿಂದ ಭರತ ಅಲ್ಲಿಗೆ ಹೋದರೆ, ಬೆಟ್ಟದ ತುಂಬ ಹಿಂದಿನ ಚಕ್ರವರ್ತಿಗಳ ಹೆಸರುಗಳು! ಒಂದಕ್ಷರ ಬರೆಯಲೂ ಜಾಗವಿರಲಿಲ್ಲ. ಗರ್ವ ಇಳಿದುಹೋಯಿತು.”

“ಬರೆಯದೆ ಹಿಂದಿರುಗಿದನೇ?” ಎಂದು ಗಿರಿಜಾ ಕೇಳಿದರು.

“ಇಲ್ಲಮ್ಮ, ಅಲ್ಲೇ ಇರುವುದು ಪಂಪನ ಜಾಣ್ಮೆ. ಒಂದು ಹೆಸರನ್ನು ಅಳಿಸಿ ತನ್ನದನ್ನು ಬರೆಸಿದ. ಗರ್ವವೂ ಹೋಯಿತು, ಕೆಲಸವೂ ಆಯಿತು.”

ಪುಟ್ಟಸ್ವಾಮಿ ಬಹಳ ಹೊತ್ತು ಸುಮ್ಮನಿದ್ದ. ಅನಂತರ, “ನನ್ನ ಕೋಣೆಯ ಬಾಗಿಲಲ್ಲಿ ಹಿಂದಿನವನ ಹೆಸರಿನ ಫಲಕ ಕಿತ್ತು ನನ್ನದನ್ನು ಅಂಟಿಸಿದ್ದಾರೆ. ಅವನದು ಉದ್ದನೆಯ ಹೆಸರು, ನನ್ನದು ಚಿಕ್ಕದು. ಎರಡೂ ಪಕ್ಕಗಳಲ್ಲಿ ಅವನ ಅಂಟಿನ ಕಲೆ ಕಾಣುತ್ತದೆ” ಎಂದ. ಶಿಬಿರದ ಮೌನಕ್ಕಿಂತ ಈ ಅಂಟಿನ ಕಲೆಯೇ ಅವನನ್ನು ಹೆಚ್ಚು ಕಾಡಿರಬೇಕೆಂದು ನನಗೆ ಆಗ ಅನ್ನಿಸಿತು.

ಮೇಲೆ ತಲುಪಿ ಗೊಮ್ಮಟನ ಮುಂದೆ ನಿಂತಾಗ ಎಲ್ಲರೂ ಮಾತು ನಿಲ್ಲಿಸಿದೆವು. ಸುಮಾರು 57 ಅಡಿ ಎತ್ತರದ ಒಂದೇ ಕಲ್ಲಿನ ಆ ನಿಲುವಿನ ಮುಂದೆ ಅದು ತಾನಾಗಿ ನಿಲ್ಲುತ್ತದೆ. ಮುಚ್ಚಿಕೊಳ್ಳಲು ಏನೂ ಇಲ್ಲದವನ ತುಟಿಯಂಚಿನ ಆ ನಗೆ ನಮ್ಮನ್ನು ನೋಡಿ ನಕ್ಕಂತೆಯೂ ಇರುತ್ತದೆ, ನಮ್ಮನ್ನು ನೋಡಿಯೇ ಇಲ್ಲದಂತೆಯೂ ಇರುತ್ತದೆ. ಐದು ನಿಮಿಷಗಳ ಬಳಿಕ ಸೀತಾರಾಮು ಬಗ್ಗಿ ಪಾದದ ಪಕ್ಕದ ಹುತ್ತದ ಶಿಲೆಯನ್ನು ತೋರಿಸಿ ಮೌನ ಮುರಿದ.

“ಇದೇನು ಬರೆದಿದೆ?”

“ಶ್ರೀ ಚಾವುಂಡರಾಜಂ ಮಾಡಿಸಿದಂ” ಎಂದು ಮೇಷ್ಟ್ರು ಓದಿದರು. “ಮಾಡಿಸಿದವನು ಗಂಗರ ಮಂತ್ರಿ, ಸೇನಾಪತಿ ಚಾವುಂಡರಾಯ. ಯುದ್ಧಗಳನ್ನು ಗೆದ್ದು ಸಮರಪರಶುರಾಮನೆಂಬ ಬಿರುದು ಪಡೆದವನು, 978ರಲ್ಲಿ ತಾನೇ ಒಂದು ಗದ್ಯ ಪುರಾಣ ಬರೆದವನು, 981ರ ಸುಮಾರಿಗೆ ಇದನ್ನು ನಿಲ್ಲಿಸಿದವನು. ಇದೇ ಮಾತು ತಮಿಳಿನಲ್ಲಿಯೂ ಮರಾಠಿಯಲ್ಲಿಯೂ ಇಲ್ಲಿದೆ.”

“ಎಲ್ಲವನ್ನೂ ಬಿಟ್ಟವನ ಪಾದದ ಬಳಿ, ಮೂರು ಭಾಷೆಗಳಲ್ಲಿ ಪ್ರಾಯೋಜಕರ ಹೆಸರು!” ಎಂದು ಗಿರಿಜಾ ನಕ್ಕರು.

ಪುಟ್ಟಸ್ವಾಮಿಯ ಮುಖ ಅರಳಿತು. ಸಾವಿರ ವರ್ಷಗಳ ಹಿಂದಿನ ಒಬ್ಬ ಉಪಾಧ್ಯಕ್ಷನ ಬೆಂಬಲ ತನಗೆ ಸಿಕ್ಕಿತೆಂದು ಅವನಿಗೆ ತೋರಿರಬೇಕು. ಮೇಷ್ಟ್ರು ಅದನ್ನು ಗಮನಿಸಿ, ಅವನನ್ನು ಹೊರಗೆ ಕರೆತಂದು, ಗೊಮ್ಮಟನಿಗೆ ಎದುರಾಗಿ ಕೈಯಲ್ಲಿ ಪುಟ್ಟ ಪಾತ್ರೆ ಹಿಡಿದು ನಿಂತ ಗುಳ್ಳಕಾಯಜ್ಜಿಯ ಶಿಲ್ಪದ ಮುಂದೆ ನಿಲ್ಲಿಸಿದರು. ಚಾವುಂಡರಾಯನು ಮೊದಲ ಅಭಿಷೇಕದಲ್ಲಿ ಕೊಡಗಟ್ಟಲೆ ಹಾಲು ಸುರಿಸಿದರೂ ಅದು ಪಾದದವರೆಗೆ ಇಳಿಯಲಿಲ್ಲವೆಂದೂ, ಈ ಮುದುಕಿ ಗುಳ್ಳಕಾಯಿಯ ಓಡಿನಲ್ಲಿ ತಂದ ಒಂದು ಗುಕ್ಕು ಹಾಲು ಇಡೀ ಮೂರ್ತಿಯನ್ನು ತೋಯಿಸಿ ಹರಿಯಿತೆಂದೂ ಇಲ್ಲಿಯ ಐತಿಹ್ಯ. “ಈ ಕಥೆಯನ್ನು ಕಟ್ಟಿದ ಜನ ಚಾವುಂಡರಾಯನನ್ನು ಬಯ್ಯಲಿಲ್ಲ, ಅವನ ಹೆಸರನ್ನು ಅಳಿಸಲೂ ಇಲ್ಲ. ಅಜ್ಜಿಯನ್ನು ತಂದು ಎದುರಿಗೆ ನಿಲ್ಲಿಸಿದರು, ಅಷ್ಟೇ” ಎಂದರು ಮೇಷ್ಟ್ರು.

“ಅಜ್ಜಿಯ ಹೆಸರೇನು?” ಎಂದು ನಾನು ಕೇಳಿದೆ. ಬರೆಯುವವನ ಚಾಳಿ ಅದು. ಅಚ್ಚಾದ ಕಾಗದದಲ್ಲಿ ಮೊದಲು ನನ್ನ ಹೆಸರಿದೆಯೇ ಎಂದು ನೋಡಿ ಆಮೇಲೆ ಲೇಖನದಲ್ಲಿ ತಪ್ಪುಗಳಿವೆಯೇ ಎಂದು ನೋಡುವವನು ನಾನು.

“ಪಾತ್ರೆಯ ಹೆಸರೇ ಅವಳ ಹೆಸರು” ಎಂದು ಮೇಷ್ಟ್ರು ಉತ್ತರಿಸಿದರು.

ನೆರಳಿನಲ್ಲಿ ಕುಳಿತು ಗಿರಿಜಾ ತಂದಿದ್ದ ಪುಳಿಯೋಗರೆಯನ್ನು ಬಿಚ್ಚಿದಾಗ ಭರತನ ಕಡೆಯ ಅಧ್ಯಾಯ ಬಂದಿತು. ಚಕ್ರವರ್ತಿಯಾಗಿ ದೀರ್ಘಕಾಲ ಆಳಿದ ಅವನು, ಕೊನೆಗೆ ದೀಕ್ಷೆ ಪಡೆದ ಅಂತರ್ಮುಹೂರ್ತದಲ್ಲಿಯೇ, ಎಂದರೆ 48 ನಿಮಿಷಗಳಿಗೂ ಕಡಿಮೆ ಅವಧಿಯಲ್ಲಿ, ಕೇವಲಜ್ಞಾನ ಪಡೆದನಂತೆ. ಆಳುತ್ತಿದ್ದಾಗಲೇ ಅವನು ಒಳಗೆ ಅಂಟಿಕೊಂಡಿರಲಿಲ್ಲ ಎಂಬುದು ಅದಕ್ಕೆ ಕೊಡುವ ಕಾರಣ. ಮೂಡುಬಿದಿರೆಯ ರತ್ನಾಕರವರ್ಣಿ 16ನೆಯ ಶತಮಾನದಲ್ಲಿ ಭರತನೇ ನಾಯಕನಾದ ಕಾವ್ಯ ಬರೆದು, ಭೋಗವನ್ನೂ ಯೋಗವನ್ನೂ ಒಟ್ಟಿಗೆ ನಡೆಸಿದವನೆಂದು ಅವನನ್ನು ಮೆರೆಸಿದ್ದಾನೆ.

“ಬಿಟ್ಟು ನಿಂತವನಿಗೆ ಒಂದು ವರ್ಷ, ಬಿಡದೆ ಆಳಿದವನಿಗೆ 48 ನಿಮಿಷ! ಹಿಂದಿನ ಸೇವಾವಧಿಯನ್ನು ಪರಿಗಣಿಸಿದ್ದಾರೆ” ಎಂದು ಸೀತಾರಾಮು ತೀರ್ಪು ಕೊಟ್ಟ.

ಪುಟ್ಟಸ್ವಾಮಿ ಇದನ್ನು ಹಿಡಿದುಕೊಂಡು, ಹಾಗಾದರೆ ತಾನು ಇನ್ನೂ ಎಂಟು ವರ್ಷ ಉಪಾಧ್ಯಕ್ಷನಾಗಿದ್ದೇ ಅನಾಸಕ್ತಿಯನ್ನು ಅಭ್ಯಾಸ ಮಾಡಬಹುದಲ್ಲವೇ ಎಂದು ಕೇಳಿದ. ಗಿರಿಜಾ ಅದಕ್ಕೆ, “ವರ್ಷದ ಬೋನಸ್ ಎರಡು ದಿನ ತಡವಾದಾಗ ಮನೆಯಲ್ಲಿ ಹಾರಿದ ತಟ್ಟೆಯ ಅನಾಸಕ್ತಿಯನ್ನು ನಾನು ಕಂಡಿದ್ದೇನೆ” ಎಂದರು. ಅಲ್ಲಿಗೆ ಭರತನ ಮಾರ್ಗವೂ ಮುಚ್ಚಿತು.

ಇಳಿಯುವ ಮೊದಲು ಮೇಷ್ಟ್ರು ಒಂದೇ ಒಂದು ಪ್ರಶ್ನೆ ಕೇಳಿದರು. “ನಿನ್ನ ಫೋನಿನಲ್ಲಿ ಎರಡು ಬರಹಗಳಿವೆ, ಪತ್ರ ಮತ್ತು ಪ್ರಕಟಣೆ. ಎರಡರಲ್ಲಿ ಒಂದನ್ನು ಮಾತ್ರ ಕಳುಹಿಸಬಹುದೆಂದರೆ ಯಾವುದನ್ನು ಕಳುಹಿಸುತ್ತೀಯೆ? ಪತ್ರ ಕಳುಹಿಸಿದರೆ ಕೆಲಸ ಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಪ್ರಕಟಣೆ ಕಳುಹಿಸಿದರೆ ಎಲ್ಲರಿಗೂ ತಿಳಿಯುತ್ತದೆ, ಕೆಲಸ ಉಳಿಯುತ್ತದೆ.”

ಪುಟ್ಟಸ್ವಾಮಿ ಪುಳಿಯೋಗರೆಯ ಶೇಂಗಾ ಬೀಜಗಳನ್ನು ಒಂದೊಂದಾಗಿ ಆರಿಸಿ ತಿಂದ. ಕೆಳಗೆ ಕೊಳದ ನೀರು ಹೊಳೆಯುತ್ತಿತ್ತು, ಎದುರಿನ ಚಿಕ್ಕಬೆಟ್ಟದ ಮೇಲೆ ಮೋಡದ ನೆರಳು ಹಾದುಹೋಯಿತು. ನಾವು ಯಾರೂ ಅವಸರಪಡಿಸಲಿಲ್ಲ.

“ಪ್ರಕಟಣೆಯನ್ನು” ಎಂದ ಕೊನೆಗೆ, ತಲೆ ತಗ್ಗಿಸಿ.

“ನಾಚಿಕೆ ಎಲ್ಲಿದೆ ಎಂದು ಬೆಳಗ್ಗೆ ಕೇಳಿದ್ದೆನಲ್ಲ, ಈಗ ಬಂದಿತು ನೋಡು” ಎಂದು ಮೇಷ್ಟ್ರು ಅವನ ಬೆನ್ನು ತಟ್ಟಿದರು.

ಪತ್ರವೂ ಹೋಗಲಿಲ್ಲ, ಪ್ರಕಟಣೆಯೂ ಹೋಗಲಿಲ್ಲ. ಆದರೆ ಇಷ್ಟು ದೂರ ಬಂದು ಒಂದು ಭಾವಚಿತ್ರವೂ ಇಲ್ಲದಿದ್ದರೆ ಹೇಗೆಂದು ಅವನು ನನ್ನ ಕೈಗೆ ಫೋನು ಕೊಟ್ಟು ಮೂರ್ತಿಯ ಮುಂದೆ ಹೋಗಿ ನಿಂತ. ನಾನು ಮುಂದೆ ಹೋದೆ, ಹಿಂದೆ ಬಂದೆ, ಕುಳಿತೆ, ಓರೆಯಾದೆ. ಗೊಮ್ಮಟನ ಮುಖ ಬರಬೇಕಾದರೆ ಪುಟ್ಟಸ್ವಾಮಿ ಇರುವೆಯಷ್ಟಾಗುತ್ತಿದ್ದ. ಪುಟ್ಟಸ್ವಾಮಿಯ ಮುಖ ಬರಬೇಕಾದರೆ ಗೊಮ್ಮಟನ ಹೆಬ್ಬೆರಳಿನಿಂದ ಮೇಲೆ ಏನೂ ಬರುತ್ತಿರಲಿಲ್ಲ. ಯಾವುದು ಬೇಕೆಂದು ಕೂಗಿ ಕೇಳಿದೆ.

“ನನ್ನ ಮುಖ ಸರಿಯಾಗಿ ಬರಲಿ” ಎಂದ.

ಚಿತ್ರ ಚೆನ್ನಾಗಿಯೇ ಬಂದಿದೆ. ರೈಲಿನಲ್ಲಿ ಕುಳಿತು ಅದನ್ನು ಹಿಗ್ಗಿಸಿ ನೋಡುತ್ತಿದ್ದ ಗಿರಿಜಾ, ಇದ್ದಕ್ಕಿದ್ದಂತೆ ನಗತೊಡಗಿ, ಫೋನನ್ನು ನಮ್ಮೆಲ್ಲರ ಮುಂದೆ ಹಿಡಿದರು. ಮಧ್ಯದಲ್ಲಿ ಪುಟ್ಟಸ್ವಾಮಿಯ ಗಂಭೀರವಾದ ಮುಖ, ಹಿಂದೆ ಒಂದು ದೊಡ್ಡ ಹೆಬ್ಬೆರಳು, ಅವನ ಎಡಗಿವಿಯ ಪಕ್ಕದಲ್ಲಿ ಸ್ಪಷ್ಟವಾಗಿ, ಸಾವಿರ ವರ್ಷದ ಅಕ್ಷರಗಳಲ್ಲಿ, ‘ಮಾಡಿಸಿದಂ’.