ಕ್ರಿಸ್‌ಮಸ್ ಬೇಕೇ ಅಂತ ಕೇಳಿದವರಿಗೆ: ಬೀಗರ ಕೊಟ್ಟಿಗೆಯಲ್ಲಿ ನಮ್ಮ ಮಕ್ಕಳ ಹಬ್ಬ

ಎಲ್ಲರಿಗೂ ನಮಸ್ಕಾರ. ಮಗಳು ಮನೆಯಲ್ಲಿ ಕ್ರಿಸ್‌ಮಸ್ ಮರ ಇಡೋಣ ಅಂತ ಹಠ ಹಿಡಿದಿದ್ದಾಳೆ, ಇಟ್ಟರೆ ನಮ್ಮ ಹಬ್ಬಗಳು ಹಿಂದೆ ಬೀಳುತ್ತವೇನೋ ಅಂತ ನಮ್ಮ ಈ ಗುಂಪಿನಲ್ಲಿ ಒಬ್ಬ ತಾಯಿ ಕೇಳಿದ್ದರು. ಬಂದ ಉತ್ತರಗಳನ್ನೆಲ್ಲ ಓದಿದೆ. "ಒಂದು ಮರ ಇಟ್ಟರೆ ಏನಾಗತ್ತೆ ಬಿಡಿ" ಅನ್ನುವವರು ಒಂದು ಕಡೆ, "ಇವತ್ತು ಮರ, ನಾಳೆ ಇನ್ನೇನೋ" ಅನ್ನುವವರು ಇನ್ನೊಂದು ಕಡೆ. ನನ್ನ ಚಿಂತೆ ಮರದ್ದಲ್ಲ. ಯಾವ ಹಬ್ಬವೇ ಆಗಲಿ, ಅದರಲ್ಲಿ ಮಗುವಿನ ಕೈಗೆ ಕೆಲಸ ಇದೆಯೋ ಇಲ್ಲವೋ ಅನ್ನುವುದು. ಕೆಲಸ ಇರುವ ಹಬ್ಬ ಮಗುವಿನದಾಗುತ್ತದೆ. ಬಾಡಿಗೆ ಸಭಾಂಗಣಕ್ಕೆ ಹೋಗಿ, ಡ್ಯಾನ್ಸ್ ಮಾಡಿ, ಡಬ್ಬಿಯಲ್ಲಿ ಬಂದ ಊಟ ಉಂಡು ಬರುವ ಯುಗಾದಿಯೂ ಸರಿ, ಅಂಗಡಿಯಿಂದ ತಂದ ಉಡುಗೊರೆ ಹರಿದು ನೋಡುವ ಕ್ರಿಸ್‌ಮಸ್ಸೂ ಸರಿ, ಮಗುವಿನ ಮನಸ್ಸಿಗೆ ಇಳಿಯುವುದು ಕಷ್ಟ.

ಇದನ್ನು ನಾನು ಕಂಡುಕೊಂಡದ್ದು ವಾರಗಿತ್ತಿಯ ತವರಿನಲ್ಲಿ. ನಾವಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ. ನನ್ನ ಮೈದುನ ಮದುವೆಯಾದದ್ದು ಅದೇ ರಾಜ್ಯದ ನೈಋತ್ಯ ಭಾಗದ ವರ್ನನ್ ಕೌಂಟಿಯ ಹುಡುಗಿಯನ್ನು. ವೆಸ್ಟ್‌ಬಿ ಅನ್ನುವ ಊರಿನ ಹತ್ತಿರ ಅವಳ ಅಪ್ಪ ಅಮ್ಮ ಅರವತ್ತು ಹಸು ಕಟ್ಟಿಕೊಂಡು ಹೈನು ಮಾಡುತ್ತಾರೆ. ಹಿಮಯುಗದ ಹಿಮರಾಶಿ ಆ ಭಾಗಕ್ಕೆ ಬರಲಿಲ್ಲವಾದ್ದರಿಂದ ಅಲ್ಲಿ ನೆಲ ಸಪಾಟಾಗಿಲ್ಲ. ಗುಡ್ಡ, ಕಡಿದಾದ ಕಣಿವೆ, ಕಣಿವೆಗೊಂದು ಹೊಳೆ. 19ನೇ ಶತಮಾನದ ನಡುವಿನಲ್ಲಿ ನಾರ್ವೆಯಿಂದ ಬಂದು ನೆಲೆಸಿದವರ ಮಕ್ಕಳು ಮೊಮ್ಮಕ್ಕಳೇ ಸುತ್ತಮುತ್ತಲೆಲ್ಲ. ಮೈದುನನ ಮದುವೆಯಾದಾಗಿನಿಂದ ಡಿಸೆಂಬರ್ ರಜೆಗೆ ನಮ್ಮ ಮಕ್ಕಳು ಇನ್ನೆಲ್ಲಿಗೂ ಹೋಗಲು ಒಪ್ಪುವುದಿಲ್ಲ.

ಅವರಿಗೆ ದೊಡ್ಡ ಹಬ್ಬ 24ರ ಸಂಜೆ. ಆ ಹೊತ್ತಿಗೆ ಇಲ್ಲಿ ಹಗಲು ಅಂದರೆ ಬರೀ ಒಂಬತ್ತು ಗಂಟೆ, ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಹಬ್ಬ ಅಂತ ಹಸು ಕಾಯುವುದಿಲ್ಲವಲ್ಲ, ದಿನಕ್ಕೆ ಎರಡು ಹೊತ್ತು ಹಾಲು ಕರೆಯಲೇಬೇಕು. ಸಂಜೆಯ ಕೆಲಸವನ್ನು ಸ್ವಲ್ಪ ಮುಂಚೆ ಶುರು ಮಾಡುತ್ತಾರೆ. ನಾರ್ವೆಯಿಂದ ತಂದ ಪದ್ಧತಿಯೊಂದನ್ನು ಅವರು ಈಗಲೂ ಬಿಟ್ಟಿಲ್ಲ: ಕ್ರಿಸ್‌ಮಸ್ ಸಂಜೆ ಮನೆಯವರು ಊಟಕ್ಕೆ ಕೂರುವ ಮುಂಚೆ ಹಸುಗಳಿಗೆ ಒಳ್ಳೆಯ ಮೇವು, ದಿನಕ್ಕಿಂತ ಒಂದು ಹಿಡಿ ಹೆಚ್ಚು. ಬೇಸಿಗೆಯಲ್ಲಿ ಕೊಯ್ದು ಒಣಗಿಸಿಟ್ಟ ಅಲ್ಫಾಲ್ಫಾ, ನಮ್ಮ ಕಡೆ ಕುದುರೆ ಮೆಂತೆ ಅನ್ನುತ್ತೇವಲ್ಲ ಅದು, ಹಸಿರು ಇನ್ನೂ ಮಾಸಿರದ ಕಟ್ಟನ್ನು ಈ ದಿನಕ್ಕೆಂದೇ ತೆಗೆದಿಟ್ಟಿರುತ್ತಾರೆ. ಅದನ್ನು ಪ್ರತಿ ಹಸುವಿನ ಮುಂದೆ ಹಾಕಿ ಬರುವುದು ನನ್ನ ಮಗನ ಕೆಲಸ. ಹಕ್ಕಿಗಳಿಗೂ ಪಾಲುಂಟು. ಓಟ್ಸಿನ ತೆನೆಯ ಕಟ್ಟನ್ನು ಕಂಬಕ್ಕೆ ಕಟ್ಟಿ ಅಂಗಳದಲ್ಲಿ ನಿಲ್ಲಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಬಿಳಿ ಹಿಮದ ನಡುವೆ ಕೆಂಪು ಕಾರ್ಡಿನಲ್ ಹಕ್ಕಿಗಳು ಬಂದು ಅದಕ್ಕೆ ಮುತ್ತಿಕೊಂಡಿರುತ್ತವೆ.

ಮಗಳ ಕೆಲಸ ಕರುಗಳದ್ದು. ದೊಡ್ಡ ಹಸುಗಳಿಗೆ ಚಳಿ ಅಷ್ಟಾಗಿ ಬಾಧಿಸುವುದಿಲ್ಲ. ಹೊಟ್ಟೆ ತುಂಬ ಮೇವು, ಒಣಗಿದ ನೆಲ, ಗಾಳಿಗೆ ಮರೆ ಇದ್ದರೆ ಆಯಿತು. ಮೂರು ವಾರ ತುಂಬದ ಕರುವಿಗೆ ಹಾಗಲ್ಲ. ಸುಮಾರು 15 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯಿತೆಂದರೆ ಮೈ ಬಿಸಿ ಇಟ್ಟುಕೊಳ್ಳುವುದಕ್ಕೇ ಅದರ ಶಕ್ತಿ ಖರ್ಚಾಗತೊಡಗುತ್ತದೆ. ಹಾಗಾಗಿ ಚಳಿಗಾಲದಲ್ಲಿ ಹಾಲು ಹೆಚ್ಚು, ಮಲಗಿದರೆ ಕಾಲು ಮುಚ್ಚುವಷ್ಟು ಗೋಧಿ ಹುಲ್ಲು, ಮೈಗೊಂದು ಕೋಟು. ಹೌದು, ಕರುವಿನ ಕೋಟು ಅಂತಲೇ ಸಿಗುತ್ತದೆ, ಎದೆಗೂ ಹೊಟ್ಟೆಗೂ ಪಟ್ಟಿ ಬಿಗಿದು ಹಾಕುವಂಥದ್ದು. ಬೆಳಗ್ಗೆ ಐದೂವರೆಗೆ ಬಿಸಿ ಹಾಲಿನ ಬಾಟಲಿ ಹಿಡಿದು ಮಗಳು ಹೊರಟರೆ ಹಿಂದೆ ನಾನು. ಕರುವಿನ ಮೂತಿಯ ಮೀಸೆಗೆ ಅದರ ಉಸಿರೇ ಮಂಜಾಗಿ ಅಂಟಿರುತ್ತದೆ. ಬಾಟಲಿ ಕಂಡ ತಕ್ಷಣ ಕೆಚ್ಚಲಿಗೆ ಗುದ್ದುವ ಹಾಗೆ ತಲೆಯಿಂದ ಗುದ್ದುತ್ತದೆ. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿಯದಿದ್ದರೆ ಬಾಟಲಿ ಹಾರಿ ಹೋಗುತ್ತದೆ. ಕುಡಿಯಲು ಗೊತ್ತಾಗದ ಹೊಸ ಕರುವಿಗೆ ಎರಡು ಬೆರಳು ಬಾಯಿಗಿಟ್ಟು ಚೀಪಿಸಿ, ಮೆಲ್ಲಗೆ ನಿಪ್ಪಲ್ ಕಡೆಗೆ ತಿರುಗಿಸುವುದನ್ನು ಬೀಗರು ಅವಳಿಗೆ ಕಲಿಸಿಕೊಟ್ಟರು. ಉಡುಗೊರೆ ಬಿಚ್ಚುವುದು ಇದೆಲ್ಲ ಮುಗಿದ ಮೇಲೆ. ಹಿಂದಿನ ವರ್ಷ ಏನು ಸಿಕ್ಕಿತ್ತು ಅಂತ ಕೇಳಿದರೆ ಅವಳಿಗೆ ನೆನಪಿಲ್ಲ. ಯಾವ ಕರುವಿಗೆ ಹಾಲು ಕೊಟ್ಟೆ ಅಂತ ಕೇಳಿ, ಕಿವಿಯ ಓಲೆಯ ನಂಬರ್ ಸಮೇತ ಹೇಳುತ್ತಾಳೆ.

ಒಂದು ಸಲ ಊರಿಂದ ಅತ್ತೆ ಮಾವ ಬಂದಿದ್ದಾಗಲೂ ಅಲ್ಲಿಗೇ ಹೋದೆವು. ಅತ್ತೆಗೆ ಅಡುಗೆಮನೆಯಲ್ಲಿ ಒಂದು ನಿಮಿಷ ಸಾಕಾಯಿತು. ಲೆಫ್ಸೆ ಅಂತ ಮಾಡುತ್ತಾರೆ ಅವರು. ಬೇಯಿಸಿದ ಆಲೂಗಡ್ಡೆಯನ್ನು ಗಂಟಿಲ್ಲದಂತೆ ಹಿಸುಕಿ, ಬೆಣ್ಣೆ, ಕೆನೆ, ಮೈದಾ ಸೇರಿಸಿ ಕಲೆಸಿ, ಗೀರುಗೀರಾದ ಲಟ್ಟಣಿಗೆಯಲ್ಲಿ ತೆಳ್ಳಗೆ ಲಟ್ಟಿಸಿ, ದೊಡ್ಡ ದುಂಡು ಕಾವಲಿಯ ಮೇಲೆ ಬೇಯಿಸುವುದು. ತಿರುವಿ ಹಾಕಲು ಉದ್ದನೆಯ ಚಪ್ಪಟೆ ಮರದ ಕಡ್ಡಿ. ಬೀಗಿತ್ತಿ ಹರಿಯದಂತೆ ಎತ್ತಿ ಹಾಕುವುದನ್ನು ನೋಡಿ ಅತ್ತೆ, "ಒಬ್ಬಟ್ಟಿನ ಹಾಗೇ ಕಣೇ, ಕೈ ಹಗುರ ಇರ್ಬೇಕು" ಅಂದು ಸೆರಗು ಸಿಕ್ಕಿಸಿಕೊಂಡು ಲಟ್ಟಿಸಲು ನಿಂತರು. ಒಲೆಯ ಹತ್ತಿರ ಏಲಕ್ಕಿ ವಾಸನೆ. ಯೂಲೆಕಾಕೆ ಅನ್ನುವ ಹಬ್ಬದ ಬ್ರೆಡ್ಡಿಗೂ, ಕ್ರುಮ್‌ಕಾಕೆ ಅನ್ನುವ ಗರಿಗರಿ ಸುರುಳಿ ಬಿಸ್ಕತ್ತಿಗೂ ಏಲಕ್ಕಿ ಬೇಕೇ ಬೇಕು. ಸಕಲೇಶಪುರದ ತೋಟದಿಂದ ಅತ್ತೆ ತಂದಿದ್ದ ಪೊಟ್ಟಣ ಬೀಗಿತ್ತಿಯ ಡಬ್ಬಿಗೆ ಹೋಯಿತು. ಈಗ ಊರಿಂದ ಯಾರೇ ಬಂದರೂ ಅವರಿಗಾಗಿ ಏಲಕ್ಕಿ ತರಿಸುತ್ತೇವೆ.

ಮಾವ ಚನ್ನರಾಯಪಟ್ಟಣದ ಕಡೆಯವರು. ಮೊದಲು ಹಳ್ಳಿಕಾರ್ ಎತ್ತು, ಆಮೇಲೆ ಡೈರಿಗೆ ಹಾಲು ಹಾಕಲು ಎಚ್‌ಎಫ್ ಮಿಶ್ರತಳಿ ಹಸು ಕಟ್ಟಿದವರು. ಇಂಗ್ಲಿಷ್ ಅಷ್ಟಕ್ಕಷ್ಟೆ. ಕೊಟ್ಟಿಗೆಯಲ್ಲಿ ಒಂದು ಹಸುವಿನ ಹತ್ತಿರ ನಿಂತವರು ಮುಂದಕ್ಕೆ ಹೋಗಲೇ ಇಲ್ಲ. ಬಗ್ಗಿ ಕೆಚ್ಚಲಿನ ಒಂದು ಕಡೆ ಅಂಗೈ ಇಟ್ಟು, "ಬಿಸಿ ಅದೆ. ಕೆಚ್ಚಲು ಬಾವು ಶುರುವಾಗಿದೆ ಅಂತ ಹೇಳಮ್ಮ ಅವರಿಗೆ" ಅಂದರು. ನಾನು ಹೇಳುವ ಅಗತ್ಯವೇ ಬೀಳಲಿಲ್ಲ. ಮಾವನ ಕೈ ಇದ್ದ ಜಾಗ ನೋಡಿಯೇ ಬೀಗರಿಗೆ ಅರ್ಥವಾಗಿ, ಆ ಮೊಲೆಯಿಂದ ಎರಡು ಧಾರೆ ಹಿಂಡಿ ನೋಡಿದರು. ಹಾಲು ಒಡೆದಂತಿತ್ತು. ಅವತ್ತಿನಿಂದ ಇಬ್ಬರೂ ಎರಡು ಹೊತ್ತೂ ಕೊಟ್ಟಿಗೆಯಲ್ಲೇ. ನನ್ನ ಮಗ ಇದನ್ನೆಲ್ಲ ಪಕ್ಕದಲ್ಲೇ ನಿಂತು ನೋಡಿದ. ವಾಟ್ಸ್ಯಾಪ್ ಕಾಲ್‌ನಲ್ಲಿ "ಊಟ ಆಯ್ತಾ" ಅಂತ ಕೇಳುವ ತಾತನನ್ನಷ್ಟೇ ಕಂಡಿದ್ದವನಿಗೆ, ತಾತನ ಕೈಗೆ ಏನು ಗೊತ್ತಿದೆ ಅನ್ನುವುದು ಅವತ್ತು ಕಂಡಿತು. ಆಮೇಲೆ ಊರಿನ ಹಸು, ಎತ್ತು, ಗಾಡಿ ಅಂತ ಅವನು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ, ಕೇಳಿದ್ದೆಲ್ಲ ಕನ್ನಡದಲ್ಲಿ, ಯಾಕೆಂದರೆ ತಾತನಿಗೆ ಕೇಳಲು ಬೇರೆ ದಾರಿ ಇರಲಿಲ್ಲ. ನಮ್ಮ ಭಾನುವಾರದ ಕನ್ನಡ ಕಲಿ ತರಗತಿಗಳ ಬಗ್ಗೆ ನನಗೆ ತುಂಬ ಗೌರವವಿದೆ. ಆದರೆ ಮಾತಿಗೆ ಇಷ್ಟು ಅವಸರ, ಇಷ್ಟು ಆಸೆ ಅಲ್ಲಿ ಹುಟ್ಟಿದ್ದನ್ನು ನಾನು ಕಂಡಿಲ್ಲ.

ಅದೇ ವಾರ ಒಂದು ಹಸು ಕರು ಹಾಕಿತು. ಹುಟ್ಟಿದ ಮೊದಲ ಕೆಲವೇ ಗಂಟೆಗಳೊಳಗೆ ಕರುವಿಗೆ ಸುಮಾರು 4 ಲೀಟರ್ ಗಿಣ್ಣುಹಾಲು ಕುಡಿಸುತ್ತಾರೆ, ರೋಗ ತಡೆಯುವ ಶಕ್ತಿ ಅದಕ್ಕೆ ಬರುವುದೇ ಆ ಹಾಲಿನಿಂದ. ಮಿಕ್ಕಿದ್ದರಲ್ಲಿ ಸ್ವಲ್ಪ ಅತ್ತೆ ಕೇಳಿ ತೆಗೆದುಕೊಂಡರು. ಬೆಲ್ಲ ಕರಗಿಸಿ ಸೋಸಿ, ಏಲಕ್ಕಿ ಕುಟ್ಟಿ ಹಾಕಿ, ಹಬೆಯಲ್ಲಿಟ್ಟರೆ ತಾನಾಗೇ ಗಟ್ಟಿಯಾಯಿತು. ಬೀಗಿತ್ತಿ ಒಂದು ಚಮಚ ಬಾಯಿಗಿಟ್ಟವರೇ ಸುಮ್ಮನಾಗಿಬಿಟ್ಟರು. ಅವರ ಅಜ್ಜಿ ಇದನ್ನೇ ಓವನ್ನಿನಲ್ಲಿ ಮಾಡುತ್ತಿದ್ದರಂತೆ, ಕಾಲ್ವೆದಾನ್ಸ್ ಅಂತ ಅದರ ಹೆಸರು. ಅಜ್ಜಿ ಹೋದ ಮೇಲೆ ಆ ಮನೆಯಲ್ಲಿ ಯಾರೂ ಮಾಡಿರಲಿಲ್ಲ. ಆ ವರ್ಷದ ಕ್ರಿಸ್‌ಮಸ್ ಊಟದ ಮೇಜಿಗೆ ಗಿಣ್ಣು ಬಂತು.

ದೇವರ ವಿಚಾರಕ್ಕೆ ಬರುತ್ತೇನೆ, ಹಲವರು ಕೇಳಿದ್ದು ಅದೇ. ಅಲ್ಲಿ 24ರ ಸಂಜೆ ಲುಥೆರನ್ ಚರ್ಚಿಗೆ ಹೋಗುತ್ತಾರೆ, ನಾವೂ ಹೋಗುತ್ತೇವೆ. ಕೊನೆಗೆ ದೀಪ ಆರಿಸಿ ಒಬ್ಬರ ಮೇಣದಬತ್ತಿಯಿಂದ ಪಕ್ಕದವರು ಹಚ್ಚಿಕೊಳ್ಳುತ್ತಾ ಹೋಗುತ್ತಾರೆ. ಇದು ಯೇಸು ಹುಟ್ಟಿದ ಹಬ್ಬ, ಇವರು ಹೀಗೆ ಪೂಜೆ ಮಾಡುತ್ತಾರೆ, ನಾವು ಮರ್ಯಾದೆಯಿಂದ ಜೊತೆಗೆ ಕೂರಬೇಕು ಅಂತ ಮಕ್ಕಳಿಗೆ ನೇರವಾಗಿ ಹೇಳಿದ್ದೇವೆ. ಬರೀ ಸಾಂಟಾ, ಬರೀ ದೀಪದ ಸರ ಅಂತ ಮಾಡಿ ಅದರ ದೇವರನ್ನು ಮರೆಮಾಚುವುದು ಅವರಿಗೂ ಅಗೌರವ, ಮಕ್ಕಳಿಗೂ ಗೊಂದಲ. ಕ್ರಿಸ್‌ಮಸ್ ಅಂದರೆ ಬಿಳಿಯರ ಹಬ್ಬ ಅನ್ನುವ ಮಾತು ಇಲ್ಲಿ ಬಂತು, ಅದು ನನಗೆ ನೋವಾಯಿತು. ಈ ಗುಂಪಿನಲ್ಲೇ ಮಂಗಳೂರಿನ ಕ್ರೈಸ್ತ ಕುಟುಂಬಗಳಿವೆ. ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಕಟ್ಟಿ, ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕೀಸ್ ಮಾಡಿ ಅಕ್ಕಪಕ್ಕದ ಎಲ್ಲ ಜಾತಿಯವರ ಮನೆಗೂ ಕುಸ್ವಾರ್ ಅನ್ನುವ ಈ ತಿಂಡಿಗಳ ತಟ್ಟೆ ಹಂಚುವುದು ಅವರಲ್ಲಿ ಬಂದಿರುವ ಪದ್ಧತಿ. ಕ್ರಿಸ್‌ಮಸ್ ಕರ್ನಾಟಕದ ಹಬ್ಬವೂ ಹೌದು.

ಊಟದ ಬಗ್ಗೆ ಚಿಕ್ಕದಾಗಿ. ನಾವು ಸಸ್ಯಾಹಾರಿಗಳು, ಮುಂಚೆಯೇ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೇಳಿ ನೋಡಬೇಕಾದದ್ದು ಕಣ್ಣಿಗೆ ಕಾಣದ್ದನ್ನು: ಜೆಲ್ಲೊ ಮತ್ತು ಮಾರ್ಷ್‌ಮ್ಯಾಲೋದಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಜೆಲಟಿನ್, ಕೆಲವು ಪೈಗಳಲ್ಲಿ ಹಂದಿ ಕೊಬ್ಬು, ಕೆಲವು ಚೀಸ್‌ಗಳಲ್ಲಿ ಹಾಲು ಗಟ್ಟಿಯಾಗಿಸಲು ಕರುವಿನ ಹೊಟ್ಟೆಯಿಂದ ತೆಗೆಯುವ ರೆನೆಟ್. ಕ್ಷಾರದಲ್ಲಿ ನೆನೆಹಾಕಿದ ಒಣ ಕಾಡ್ ಮೀನಿನ ಲ್ಯೂಟೆಫಿಸ್ಕ್ ದೊಡ್ಡವರ ಪಾಲಿಗೆ ಹಬ್ಬದೂಟ, ಅದರ ವಾಸನೆಗೆ ಸ್ವಲ್ಪ ತಯಾರಾಗಿರಿ. ಮಕ್ಕಳಿಗೆ ಪ್ರಾಣ ಅಕ್ಕಿ ಪಾಯಸದ ಮೇಲೆ. ಅದರೊಳಗೆ ಒಂದೇ ಒಂದು ಬಾದಾಮಿ ಬಚ್ಚಿಟ್ಟಿರುತ್ತಾರೆ, ಸಿಕ್ಕವರಿಗೆ ಬಹುಮಾನ.

ಚಳಿಯ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ, ಹೊಸದಾಗಿ ಬಂದವರು ಮುಖ್ಯವಾಗಿ. ಮೈಗೆ ತಾಗುವ ಬಟ್ಟೆ ಹತ್ತಿಯದ್ದು ಬೇಡ, ಬೆವರಿಗೆ ಒದ್ದೆಯಾದರೆ ಅದೇ ಮೈ ತಣ್ಣಗಾಗಿಸುತ್ತದೆ. ಉಣ್ಣೆ ಅಥವಾ ಪಾಲಿಯೆಸ್ಟರ್ ಒಳಂಗಿ ಇರಲಿ. ಬೆರಳು ಬಿಡಿಬಿಡಿಯಾದ ಗ್ಲವ್ಸಿಗಿಂತ ಬೆರಳೆಲ್ಲ ಒಂದೇ ಚೀಲದಲ್ಲಿರುವ ಮಿಟನ್ ಬೆಚ್ಚಗೆ. ಉಷ್ಣಾಂಶದ ಜೊತೆ ವಿಂಡ್‌ಚಿಲ್ ಕೂಡ, ಅಂದರೆ ಗಾಳಿ ಸೇರಿ ಮೈಗೆ ಎಷ್ಟು ಚಳಿ ತಾಗುತ್ತದೆ ಅನ್ನುವುದನ್ನೂ, ನೋಡಿಯೇ ಹೊರಡಿ. ಕಾರಿನಲ್ಲಿ ಸಲಿಕೆ, ಕಂಬಳಿ, ಟಾರ್ಚ್, ತಿನ್ನಲು ಏನಾದರೂ ಇಟ್ಟುಕೊಳ್ಳಿ. ಜಮೀನಿಗೆ ಹೋದ ಮೇಲೆ ಟ್ರ್ಯಾಕ್ಟರ್, ಮೇವು ತುಂಬಿಡುವ ಸೈಲೊ, ಸಗಣಿ ಗುಂಡಿ ಈ ಮೂರರ ಹತ್ತಿರ ದೊಡ್ಡವರಿಲ್ಲದೆ ಮಕ್ಕಳು ಸುಳಿಯಬಾರದು. ಹಸುವಿನ ಹಿಂದಿನಿಂದ ಸದ್ದಿಲ್ಲದೆ ಹೋಗಬಾರದು, ಒದೆಯುತ್ತದೆ.

"ಹಾಗಾದರೆ ನಮ್ಮ ಹಬ್ಬ?" ನಮ್ಮ ಮನೆಯಲ್ಲಿ ಕ್ರಿಸ್‌ಮಸ್ಸಿನಿಂದ ಸಂಕ್ರಾಂತಿ ದೊಡ್ಡದಾಯಿತು. ಮೂರು ವಾರ ಕಳೆದರೆ ಸಂಕ್ರಾಂತಿ ತಾನೇ. ದನದ ಹಬ್ಬ, ಸುಗ್ಗಿಯ ಹಬ್ಬ ಅಂತ ನಾನು ಎಷ್ಟೋ ವರ್ಷ ಬಾಯಲ್ಲಿ ಹೇಳಿದ್ದೆ. ಹಸು ಮುಟ್ಟಿ ನೋಡಿದ ಮೇಲೆ ಮಕ್ಕಳು ತಾವಾಗಿಯೇ, "ತಾತನ ಊರಲ್ಲಿ ಹಸುಗಳಿಗೆ ಅವತ್ತು ಏನ್ ಕೊಡ್ತಾರೆ?" ಅಂತ ಕೇಳಿದರು. ಈಗ ಸಂಕ್ರಾಂತಿ ಹತ್ತಿರದ ಶನಿವಾರ ಎಳ್ಳುಬೆಲ್ಲ ಕಟ್ಟಿಕೊಂಡು ವೆಸ್ಟ್‌ಬಿಗೆ ಹೋಗುತ್ತೇವೆ. ಒಣಹುಲ್ಲು ತುಂಬಿದ ಕೊಟ್ಟಿಗೆಯ ಹತ್ತಿರ ಬೆಂಕಿ ಕೂಡದು, ಹಾಗಾಗಿ ಕಿಚ್ಚು ಹಾಯಿಸುವುದು ಇಲ್ಲ. ಕೊಂಬು ಕರುವಿನಲ್ಲೇ ತೆಗೆಸಿರುತ್ತಾರೆ, ಬಣ್ಣ ಬಳಿಯಲೂ ಆಗುವುದಿಲ್ಲ. ಹಣೆಗೆ ಅರಿಶಿನ ಕುಂಕುಮ ಹಚ್ಚಿ, ಬೀಗರು ಕೊಟ್ಟ ಮೇವು ಹಾಕಿ, ಮನೆಯವರಿಗೆಲ್ಲ ಎಳ್ಳು ಬೀರುತ್ತೇವೆ.

ಇನ್ನೊಂದು ಸಂಕಟ ಹೇಳಲೇಬೇಕು. ಇಂಥ ಸಣ್ಣ ಹೈನು ಮನೆಗಳು ಬೇಗ ಬೇಗ ಮುಚ್ಚುತ್ತಿವೆ. 2019 ಒಂದೇ ವರ್ಷ ವಿಸ್ಕಾನ್ಸಿನ್‌ನಲ್ಲಿ 800ಕ್ಕೂ ಹೆಚ್ಚು ಹೈನು ಫಾರ್ಮ್‌ಗಳು ನಿಂತುಹೋದವು. ಹಾಲಿನ ಬೆಲೆ ಏರಿಳಿತ, ಸಾಲ, ಸಾವಿರಾರು ಹಸುಗಳ ದೊಡ್ಡ ಫಾರ್ಮ್‌ಗಳ ಪೈಪೋಟಿ, ಮುಂದುವರಿಸಲು ಮಕ್ಕಳಿಲ್ಲದಿರುವುದು. ನಮ್ಮ ಬೀಗರಿಗೂ ವಯಸ್ಸಾಗುತ್ತಿದೆ. ಈ ಕೊಟ್ಟಿಗೆ ಎಷ್ಟು ವರ್ಷ ಇರುತ್ತದೋ ಅನ್ನುವ ಭಯ ನನಗಿದೆ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಈಗಲೇ ಹೋಗಿ.

ಬೀಗರ ಜಮೀನು ಎಲ್ಲರಿಗೂ ಎಲ್ಲಿಂದ ಬರಬೇಕು ಅನ್ನಬೇಡಿ. ಮರ ಬೇಕೆಂದು ಕೇಳಿದ ಆ ಮಗುವನ್ನು ಅಂಗಡಿಯ ಬದಲು ನಾವೇ ಕಡಿದುಕೊಳ್ಳುವಂಥ ಮರದ ತೋಟಕ್ಕೆ ಕರೆದೊಯ್ಯಿರಿ. ಆಳೆತ್ತರದ ಒಂದು ಫರ್ ಮರ ಬೆಳೆಯಲು ಏಳರಿಂದ ಹತ್ತು ವರ್ಷ ಹಿಡಿಯುತ್ತದೆ ಅಂತ ಬೆಳೆದವರ ಬಾಯಿಂದಲೇ ಕೇಳಲಿ. ಡಿಸೆಂಬರ್ 14ರಿಂದ ಜನವರಿ 5ರ ತನಕ ಹಕ್ಕಿಗಳ ರಕ್ಷಣೆಗೆ ದುಡಿಯುವ ಆಡುಬಾನ್ ಸಂಸ್ಥೆಯ ಕ್ರಿಸ್‌ಮಸ್ ಹಕ್ಕಿ ಗಣತಿ ಇರುತ್ತದೆ, 1900ರಿಂದ ನಡೆದುಬಂದದ್ದು, ಮಕ್ಕಳೂ ಸೇರಬಹುದು. ನೆರೆಮನೆಯ ಅಜ್ಜಿ ಕುಕ್ಕೀಸ್ ಮಾಡುವ ದಿನ ಕೈಜೋಡಿಸಲು ಬರಬಹುದೇ ಅಂತ ಕೇಳಿದರೂ ಸಾಕು, ಬೇಡ ಅನ್ನುವವರು ಕಡಿಮೆ. ಮ್ಯಾಡಿಸನ್ ಸುತ್ತಮುತ್ತ ಇರುವವರು ಬರುವ ಸಂಕ್ರಾಂತಿಗೆ ನಮ್ಮ ಜೊತೆ ವೆಸ್ಟ್‌ಬಿಗೆ ಬರುವುದಾದರೆ ಇಲ್ಲೇ ತಿಳಿಸಿ, ಬೀಗರನ್ನು ಕೇಳಿ ಹೇಳುತ್ತೇನೆ. ಬೆಳಗಿನ ಕೆಲಸ ಐದೂವರೆಗೆ ಶುರು, ಮಕ್ಕಳಿಗೆ ಗಟ್ಟಿ ಬೂಟು ಇರಲಿ.