ಅಪ್‌ಡೇಟ್: ನಮ್ಮ ಆಕ್ಸೊಲಾಟಲ್ ಮರಿಗಳು ಯಾವ ಬಗೆ ಅಂತ ಗೊತ್ತಾಯ್ತು

ಆಕ್ಸೊಲಾಟಲ್ ಅಂದರೆ ನೀರಲ್ಲೇ ಬದುಕುವ ಒಂದು ಬಗೆಯ ಸಲಮಾಂಡರ್. ನಮ್ಮಲ್ಲಿ ಒಂದು ಕಪ್ಪು, ಒಂದು ಬಿಳಿ ಮರಿ ಇವೆ, ಬಣ್ಣದಲ್ಲಿ ಯಾವ ಬಗೆಯವು ಅಂತ ಹಿಂದೆ ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು.

ಕೆಲಸಕ್ಕೆ ಬಂದದ್ದು ‘ಮೈ ಬಿಡಿ, ಕಣ್ಣು ನೋಡಿ’ ಎಂದವರ ಸಲಹೆ. ಕಪ್ಪು ಮರಿಯ ಕಣ್ಣಲ್ಲಿ ಹೊಳೆಯುವ ಚಿನ್ನದ ಬಣ್ಣದ ಉಂಗುರ ಇದ್ದರೆ ವೈಲ್ಡ್ ಟೈಪ್ (ಸಹಜ ಬಣ್ಣದ ಬಗೆ), ಇಲ್ಲದಿದ್ದರೆ ಮೆಲನಾಯ್ಡ್ (ಹೊಳಪಿಲ್ಲದ ಕಪ್ಪು ಬಗೆ). ನಮ್ಮದಕ್ಕೆ ಉಂಗುರ ಇಲ್ಲವೇ ಇಲ್ಲ, ಮೈಮೇಲೂ ಹೊಳೆಯುವ ಚುಕ್ಕೆಗಳಿಲ್ಲ. ಹಾಗಾಗಿ ಮೆಲನಾಯ್ಡ್. ಉಂಗುರ ನೋಡಲು ಟಾರ್ಚನ್ನು ಓರೆಯಾಗಿ, ಒಂದೇ ಕ್ಷಣ ಹಿಡಿಯಿರಿ. ಪಾಪ, ಅವಕ್ಕೆ ಕಣ್ಣು ಮುಚ್ಚಲು ರೆಪ್ಪೆಯೇ ಇಲ್ಲ!

ಬಿಳಿ ಮರಿಯ ಕಣ್ಣು ಕಪ್ಪು. ಅಂದರೆ ಅಲ್ಬಿನೋ (ಕಪ್ಪು ಬಣ್ಣವೇ ಇಲ್ಲದ ಬಗೆ) ಅಲ್ಲ, ಲೂಸಿಸ್ಟಿಕ್ (ಮೈ ಬಿಳಿ, ಕಣ್ಣು ಕಪ್ಪು ಇರುವ ಬಗೆ).

ಕಿವಿರಿನ ಬಣ್ಣ ನೋಡಿ ಹೇಳಬಹುದು ಎಂಬ ಸಲಹೆ ಮಾತ್ರ ಉಪಯೋಗಕ್ಕೆ ಬರಲಿಲ್ಲ. ಮರಿ ಓಡಾಡಿದರೆ ಕಿವಿರು ಕೆಂಪಾಗುತ್ತದೆ, ಸುಮ್ನೆ ಕೂತರೆ ಮಂಕಾಗುತ್ತದೆ. ಅದನ್ನು ನಂಬುವುದು ಹೇಗೆ?

ನನಗೆ ಜಾಸ್ತಿ ಆಶ್ಚರ್ಯ ತಂದದ್ದು ಬಿಳಿ ಮರಿಯ ತಲೆ ಮೇಲೆ ಈಗ ಮೂಡುತ್ತಿರುವ ಕಪ್ಪು ಚುಕ್ಕೆಗಳು. ಲೂಸಿಸ್ಟಿಕ್‌ಗಳಲ್ಲಿ ಕೆಲವಕ್ಕೆ ಬೆಳೆಯುತ್ತಾ ಹೀಗೆ ಬರುತ್ತವೆ, ರೋಗವೇನಲ್ಲ.

ನಿಮ್ಮ ಬಿಳಿ ಮರಿಯ ಕಣ್ಣು ಕೆಂಪಗಿದ್ದರೆ ಯಾವ ಅಲ್ಬಿನೋ ಅಂತ ಹೇಳಲು ಸ್ವಲ್ಪ ಕಾಯಬೇಕು. ಗೋಲ್ಡನ್ ಅಲ್ಬಿನೋ ಕೂಡ ಚಿಕ್ಕದಿದ್ದಾಗ ಬೆಳ್ಳಗೇ ಕಾಣುತ್ತದೆ, ಹಳದಿ ಬರುವುದು ಆಮೇಲೆ.